ಕೋಡಿನಲ್ಲಿ ಬರೆದ ನರಕೋಶ ಸ್ಪೈಕ್ ಕೊಡುತ್ತಿಲ್ಲವೇ? ಗೇಟುಗಳನ್ನು ನೋಡಿ ತಪ್ಪು ಹಿಡಿಯುವ ಬಗೆ

ಹಾಜ್‌ಕಿನ್–ಹಕ್ಸ್ಲಿ ಮಾದರಿಯನ್ನು (ನರಕೋಶದ ವೋಲ್ಟೇಜು ಏರಿಳಿಯುವುದನ್ನು ಲೆಕ್ಕ ಹಾಕುವ ಸಮೀಕರಣಗಳು) ಸ್ವಂತ ಕೋಡಿನಲ್ಲಿ ಬರೆದು ಓಡಿಸಿದವರ ದೂರುಗಳು ಹೆಚ್ಚುಕಡಿಮೆ ಮೂರೇ. ಸ್ಪೈಕ್, ಅಂದರೆ ವೋಲ್ಟೇಜು ಥಟ್ಟನೆ ಏರಿ ಇಳಿಯುವ ಮಿಡಿತ, ಬರ್ತಿಲ್ಲ. ಬಂತು, ಆದರೆ ಮೇಲೆ ಹೋದದ್ದು ಕೆಳಗೆ ಇಳಿಯುತ್ತಿಲ್ಲ. ಅಥವಾ ಪರದೆ ತುಂಬ ‘ನ್ಯಾನ್’ (‘ಸಂಖ್ಯೆಯಲ್ಲ’ ಎಂಬ ಗುರುತು) ಸುರಿಯುತ್ತಿದೆ. ಪೈಥಾನ್ ಇರಲಿ, ಮ್ಯಾಟ್‌ಲ್ಯಾಬ್ ಇರಲಿ, ಎಡವುವ ಜಾಗಗಳು ಅವೇ.

ಇಂಥ ಹೊತ್ತಿನಲ್ಲಿ ತುಂಬ ಜನ ಮಾಡುವುದು ಒಂದೇ ಕೆಲಸ. ಸೋಡಿಯಂ ವಾಹಕತೆ 120 ಇದ್ದದ್ದನ್ನು 150 ಮಾಡುತ್ತಾರೆ, 200 ಮಾಡುತ್ತಾರೆ, ಸ್ಪೈಕ್ ಬರುವ ತನಕ ತಿರುಗಿಸುತ್ತಾ ಹೋಗುತ್ತಾರೆ. ಕೊನೆಗೆ ಬರುತ್ತದೆ ಕೂಡ. ಆದರೆ ಮೂಲ ತಪ್ಪು ಹಾಗೇ ಉಳಿದಿರುತ್ತದೆ, ಮೇಲೊಂದು ಹೊಸ ತಪ್ಪು ಕೂತಿರುತ್ತದೆ. ದಯವಿಟ್ಟು ಅಂಕಿ ತಿರುಚಬೇಡಿ. ವೋಲ್ಟೇಜಿನ ಗೆರೆ ಒಂದನ್ನೇ ನೋಡುತ್ತಾ ಕೂರಬೇಡಿ. ‘ಎಂ’, ‘ಎಚ್’, ‘ಎನ್’ ಎಂಬ ಮೂರು ಗೇಟುಗಳ ಗೆರೆಗಳನ್ನೂ ಅದರ ಕೆಳಗೆ ಬಿಡಿಸಿ. ಯಾವ ಚಾನೆಲ್ ಕೈಕೊಟ್ಟಿದೆ ಅನ್ನುವುದು ಅಲ್ಲಿ ಕಾಣುತ್ತದೆ.

ಯಾವ ಗೇಟು ಏನು ಮಾಡಬೇಕು

ನರಕೋಶದ ಪೊರೆ ಕೊಬ್ಬಿನದು. ಅಯಾನುಗಳು ಅದನ್ನು ನೇರವಾಗಿ ದಾಟಲಾರವು. ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳೇ ಅವಕ್ಕೆ ದಾರಿ, ಅವನ್ನೇ ಅಯಾನ್ ಚಾನೆಲ್ ಅನ್ನುವುದು. ಸೋಡಿಯಂ ಹೊರಗೆ ಜಾಸ್ತಿ, ಪೊಟ್ಯಾಸಿಯಂ ಒಳಗೆ ಜಾಸ್ತಿ. ಹಾಗಾಗಿ ಸೋಡಿಯಂ ಚಾನೆಲ್ ತೆರೆದರೆ ವೋಲ್ಟೇಜು ಮೇಲಕ್ಕೆ ಹೋಗುತ್ತದೆ, ಪೊಟ್ಯಾಸಿಯಂ ಚಾನೆಲ್ ತೆರೆದರೆ ಕೆಳಕ್ಕೆ ಬರುತ್ತದೆ.

ಮಾದರಿಯಲ್ಲಿ ‘ಎಂ’ ಸೋಡಿಯಂ ಚಾನೆಲನ್ನು ತೆರೆಯುವ ಗೇಟು. ತುಂಬ ಚುರುಕು. ‘ಎಚ್’ ಅದೇ ಚಾನೆಲನ್ನು ಸ್ವಲ್ಪ ಹೊತ್ತಿನ ಮೇಲೆ ಮುಚ್ಚುವ ಗೇಟು. ‘ಎನ್’ ಪೊಟ್ಯಾಸಿಯಂ ಚಾನೆಲನ್ನು ತೆರೆಯುತ್ತದೆ, ನಿಧಾನವಾಗಿ. ವೋಲ್ಟೇಜು ಏರಿದಾಗ ಮೂರೂ ಒಟ್ಟಿಗೇ ಹೊರಡುತ್ತವೆ. ಆದರೆ ‘ಎಂ’ ಮೊದಲು ತಲುಪುತ್ತದೆ, ಉಳಿದೆರಡು ಹಿಂದೆ ಬೀಳುತ್ತವೆ. ಈ ವೇಗದ ಅಂತರವೇ ಸ್ಪೈಕ್. ವಿಶ್ರಾಂತಿಯಲ್ಲಿ ‘ಎಂ’ ಕಾಲಮಾನ (ಹೊಸ ಬೆಲೆಯತ್ತ ಸಾಗಲು ಹಿಡಿಯುವ ಹೊತ್ತಿನ ಅಳತೆ) ಸುಮಾರು 0.24 ಮಿಲಿಸೆಕೆಂಡು, ‘ಎನ್’ ಸುಮಾರು 5.5, ‘ಎಚ್’ ಸುಮಾರು 8.5. ನಿಮ್ಮ ಕೋಡಿನಲ್ಲಿ ಈ ಅಂತರ ಅಳಿಸಿಹೋಗಿದ್ದರೆ ಬೇರೆಲ್ಲ ಸರಿಯಿದ್ದರೂ ಸ್ಪೈಕ್ ಬರುವುದಿಲ್ಲ.

ಸೋಡಿಯಂ ವಾಹಕತೆ 120 × ‘ಎಂ’ ಘನ × ‘ಎಚ್’. ಪೊಟ್ಯಾಸಿಯಂ 36 × ‘ಎನ್’ನ ನಾಲ್ಕನೇ ಘಾತ. ಸೋರಿಕೆ, ಅಂದರೆ ಸದಾ ತೆರೆದಿರುವ ಉಳಿದ ದಾರಿ, 0.3. ಅದಕ್ಕೆ ಗೇಟೇ ಇಲ್ಲ. ಹಾಜ್‌ಕಿನ್ ಮತ್ತು ಹಕ್ಸ್ಲಿ 1952ರಲ್ಲಿ ಇದನ್ನು ಪ್ರಕಟಿಸಿದಾಗ ಚಾನೆಲ್ ಎಂಬ ಪ್ರೋಟೀನನ್ನು ಯಾರೂ ಕಂಡಿರಲಿಲ್ಲ. ಸ್ಕ್ವಿಡ್‌ನ ದಪ್ಪ ನರದೆಳೆಯಲ್ಲಿ ಅಳೆದ ಕರೆಂಟಿಗೆ ಹೊಂದುವಂತೆ ಘಾತಗಳನ್ನು ಆರಿಸಿದ್ದರು, ಅಷ್ಟೇ. ಆಮೇಲೆ ನೋಡಿದರೆ ಪೊಟ್ಯಾಸಿಯಂ ಚಾನೆಲಿಗೆ ನಿಜಕ್ಕೂ ನಾಲ್ಕು ತುಂಡುಗಳು, ಒಂದೊಂದರಲ್ಲೂ ವೋಲ್ಟೇಜನ್ನು ಗ್ರಹಿಸುವ, ಧನ ವಿದ್ಯುದಂಶ ಹೊತ್ತ ಒಂದು ಎಳೆ. ಸೋಡಿಯಂ ಚಾನೆಲಿನಲ್ಲೂ ಅಂಥ ನಾಲ್ಕು ಭಾಗಗಳಿವೆ, ಆದರೂ ಮಾದರಿಯಲ್ಲಿ ಘಾತ ಮೂರೇ. ಅದನ್ನು ಕಂಡು ‘ಎಂ’ಗೂ ನಾಲ್ಕು ಹಾಕಿ ತಿದ್ದಲು ಹೋಗಬೇಡಿ. ಗೇಟು ತೆರೆಯುವ ದರ ಆಲ್ಫಾ, ಮುಚ್ಚುವ ದರ ಬೀಟಾ. ಅವುಗಳ ಸೂತ್ರಗಳೆಲ್ಲ ಮೂರಕ್ಕೇ ಹೊಂದಿಸಿದವು.

ಮೊದಲು ಸುಮ್ಮನಿರುವ ಕೋಶವನ್ನು ನೋಡಿ

ಹೊರಗಿನ ಕರೆಂಟು ಸೊನ್ನೆ ಮಾಡಿ. ವೋಲ್ಟೇಜು −65 ಮಿಲಿವೋಲ್ಟಿನಲ್ಲಿ ಶುರು ಮಾಡಿ. ಕೋಡ್ ಓಡಿಸುವುದು ಆಮೇಲೆ. ಮೊದಲು ಕ್ಯಾಲ್ಕುಲೇಟರಿನಲ್ಲಿ ಒಂದೇ ಒಂದು ಕ್ಷಣದ ಲೆಕ್ಕ ಹಾಕಿ. ಹಕ್ಸ್ಲಿ ಇಡೀ ಸ್ಪೈಕನ್ನೇ ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿದ್ದರು. ನಾವು ಒಂದು ಹೆಜ್ಜೆ ಮಾಡಬಹುದು, ಅಲ್ವಾ?

−65ರಲ್ಲಿ ಆಲ್ಫಾ-ಎನ್ 0.0582, ಬೀಟಾ-ಎನ್ 0.125. ಆದ್ದರಿಂದ ‘ಎನ್’ = 0.0582 ÷ (0.0582 + 0.125), ಅಂದರೆ 0.318. ಇದೇ ರೀತಿ ಆಲ್ಫಾ-ಎಂ 0.2236, ಬೀಟಾ-ಎಂ 4, ‘ಎಂ’ 0.053. ಆಲ್ಫಾ-ಎಚ್ 0.07, ಬೀಟಾ-ಎಚ್ 0.0474, ‘ಎಚ್’ 0.596. ಈಗ ಕರೆಂಟುಗಳು. ಒಂದೊಂದೂ ವಾಹಕತೆ × (ವೋಲ್ಟೇಜು − ಸಮತೋಲ ವೋಲ್ಟೇಜು). ಸಮತೋಲ ವೋಲ್ಟೇಜು ಅಂದರೆ ಆ ಕರೆಂಟು ಸೊನ್ನೆಯಾಗುವ ವೋಲ್ಟೇಜು. ಸೋಡಿಯಂ ಸುಮಾರು −1.2, ಪೊಟ್ಯಾಸಿಯಂ +4.4, ಸೋರಿಕೆ −3.2. ಎಲ್ಲವೂ ಚದರ ಸೆಂಟಿಮೀಟರಿಗೆ ಮೈಕ್ರೋಆಂಪಿಯರ್‌ನಲ್ಲಿ. ಮೂರನ್ನೂ ಕೂಡಿಸಿದರೆ ಸೊನ್ನೆ. ವಿಶ್ರಾಂತಿ ಅಂದರೆ ಎಲ್ಲ ಚಾನೆಲ್ ಮುಚ್ಚಿದೆ ಅಂತಲ್ಲ. ಒಳಗೆ ಬರುವುದೂ ಹೊರಗೆ ಹೋಗುವುದೂ ಸರಿಸಮ ಅಂತ.

ನಿಮ್ಮ ಕೋಡಿನಿಂದ ಈ ಒಂಬತ್ತೂ ಸಂಖ್ಯೆಗಳನ್ನು ಪ್ರಿಂಟ್ ಮಾಡಿಸಿ. ಆಲ್ಫಾ, ಬೀಟಾ ಆರು. ಕರೆಂಟು ಮೂರು. ಎಲ್ಲಿ ಮೊದಲು ತಾಳೆ ತಪ್ಪುತ್ತದೋ ಅಲ್ಲೇ ತಪ್ಪಿದೆ. ಅರ್ಧಕ್ಕರ್ಧ ದೂರುಗಳು ಇಲ್ಲೇ ಮುಗಿಯುತ್ತವೆ.

ಸೋರಿಕೆಯದೊಂದು ಪ್ರತ್ಯೇಕವಾಗಿ ಹೇಳಬೇಕು. ಸೋರಿಕೆಯ ಸಮತೋಲ ವೋಲ್ಟೇಜು −54.4. ಕೋಶ −65ರಲ್ಲಿ ನಿಲ್ಲಬೇಕಲ್ಲ, ಇದೇನೋ ಅಚ್ಚಿನ ತಪ್ಪು ಅಂದುಕೊಂಡು ಕೆಲವರು ಅಲ್ಲೂ −65 ಹಾಕುತ್ತಾರೆ. ಆಗ ಪೊಟ್ಯಾಸಿಯಂ ಹೊರಗೆ ಎಳೆಯುವುದನ್ನು ತಡೆಯುವವರು ಇಲ್ಲವಾಗುತ್ತಾರೆ. ಕೋಶ −68ರಿಂದ −69ರ ನಡುವೆ ಜಾರಿ ಕೂರುತ್ತದೆ. ಕರೆಂಟು ಕೊಡದೆ ಸುಮ್ನೆ ಬಿಟ್ಟಾಗ ಗೆರೆ ಹೀಗೆ ಮೂರು ನಾಲ್ಕು ಮಿಲಿವೋಲ್ಟ್ ಕೆಳಗೆ ಜಾರಿದರೆ ಮೊದಲು ನೋಡಬೇಕಾದ್ದು ಈ ಅಂಕಿಯನ್ನೇ.

ಈ ಪರೀಕ್ಷೆ ಹಿಡಿಯಲಾಗದ ತಪ್ಪೂ ಒಂದಿದೆ. ಸಮೀಕರಣ ಹೀಗಿರಬೇಕು: ಸಿ (ಪೊರೆಯ ಧಾರಕತೆ) × ವೋಲ್ಟೇಜು ಬದಲಾಗುವ ವೇಗ = ಕೊಟ್ಟ ಕರೆಂಟು − ಸೋಡಿಯಂ − ಪೊಟ್ಯಾಸಿಯಂ − ಸೋರಿಕೆ. ಮೂರೂ ಕಡೆ ‘ಮೈನಸ್’ ಬದಲು ‘ಪ್ಲಸ್’ ಬಿದ್ದಿದ್ದರೂ ವಿಶ್ರಾಂತಿಯಲ್ಲಿ ಮೊತ್ತ ಸೊನ್ನೆಯೇ ಬರುತ್ತದೆ! ಆದರೆ ಚೂರು ಕರೆಂಟು ಕೊಟ್ಟ ಕೂಡಲೇ ವೋಲ್ಟೇಜು ಹಿಂದಿರುಗಿ ನೋಡದೆ ಓಡಿಹೋಗುತ್ತದೆ. ವಿಶ್ರಾಂತಿ ಪಾಸಾಗಿ, ಕರೆಂಟಿಗೆ ಗೆರೆ ಸಾವಿರಾರು ಮಿಲಿವೋಲ್ಟ್ ದಾಟಿದರೆ ಚಿಹ್ನೆಗಳನ್ನು ನೋಡಿ.

ಆಲ್ಫಾ, ಬೀಟಾ ತಾಳೆಯಾಗುತ್ತಿಲ್ಲ

ಈ ಸೂತ್ರಗಳು ಮೂರು ವೇಷದಲ್ಲಿ ಓಡಾಡುತ್ತಿವೆ. 1952ರ ಮೂಲ ಲೇಖನದಲ್ಲಿ ವಿಶ್ರಾಂತಿ ಸೊನ್ನೆ, ಮತ್ತು ಸ್ಪೈಕ್ ಏರುವ ದಿಕ್ಕು ಋಣ. ಕೆಲವು ಪಠ್ಯಗಳಲ್ಲಿ ವಿಶ್ರಾಂತಿ ಸೊನ್ನೆ, ಏರುವ ದಿಕ್ಕು ಧನ. ಈಗ ಹೆಚ್ಚು ಚಾಲ್ತಿಯಲ್ಲಿರುವುದರಲ್ಲಿ ವಿಶ್ರಾಂತಿ −65. ಒಂದು ಕಡೆಯಿಂದ ಆಲ್ಫಾ, ಇನ್ನೊಂದು ಕಡೆಯಿಂದ ಸಮತೋಲ ವೋಲ್ಟೇಜು ತಂದು ಸೇರಿಸಿದರೆ ಏನೂ ಕೆಲಸ ಮಾಡುವುದಿಲ್ಲ, ಎಲ್ಲಿ ತಪ್ಪಿದೆ ಅಂತಲೂ ತಿಳಿಯುವುದಿಲ್ಲ.

ಗುರುತು ಹಿಡಿಯುವುದು ಸುಲಭ. −65ರ ಆವೃತ್ತಿಯಲ್ಲಿ ಸೂತ್ರ ಹೀಗಿರುತ್ತದೆ:

ಆಲ್ಫಾ-ಎನ್ = 0.01 × (ವಿ + 55) ÷ [1 − ಎಕ್ಸ್‌ಪಿ(−(ವಿ + 55) ÷ 10)]

ಆಲ್ಫಾ-ಎಂ = 0.1 × (ವಿ + 40) ÷ [1 − ಎಕ್ಸ್‌ಪಿ(−(ವಿ + 40) ÷ 10)]

ಇದರ ಜೊತೆಗೆ ಸೋಡಿಯಂ +50, ಪೊಟ್ಯಾಸಿಯಂ −77, ಸೋರಿಕೆ −54.4 ಬರಬೇಕು. ಸೂತ್ರದಲ್ಲಿ 55, 40 ಬದಲು 10, 25 ಕಂಡರೆ ಅದು ವಿಶ್ರಾಂತಿ ಸೊನ್ನೆಯ ಆವೃತ್ತಿ. ಏರುವ ದಿಕ್ಕು ಧನವಾದರೆ ಅದಕ್ಕೆ +115, −12, +10.6 ಜೋಡಿ. ಆವೃತ್ತಿ ಯಾವುದಾದರೂ ವಿಶ್ರಾಂತಿಯಲ್ಲಿ ಆಲ್ಫಾ-ಎನ್ 0.0582 ಬರಲೇಬೇಕು. ಬರಲಿಲ್ಲವೆಂದರೆ ಬೆರಕೆಯಾಗಿದೆ. ಬೆರಕೆ ಬಿಡಿಸುವ ಗೋಜಿಗೆ ಹೋಗದೆ ಆರನ್ನೂ ಒಂದೇ ಕಡೆಯಿಂದ ಮತ್ತೆ ಬರೆಯುವುದೇ ಬೇಗ ಮುಗಿಯುವ ಕೆಲಸ.

ಸ್ಪೈಕ್ ಬರ್ತಿಲ್ಲ

ವಿಶ್ರಾಂತಿ ಸರಿಯಿದೆ ಅಂದುಕೊಳ್ಳೋಣ. ಈಗ 10 ಮೈಕ್ರೋಆಂಪಿಯರ್ ಕರೆಂಟನ್ನು 100 ಮಿಲಿಸೆಕೆಂಡು ಬಿಡದೆ ಕೊಡಿ. ಸರಿಯಾದ ಕೋಡಿನಲ್ಲಿ ಸ್ಪೈಕುಗಳ ಸಾಲು ಬರಬೇಕು, ಸುಮಾರು 15 ಮಿಲಿಸೆಕೆಂಡಿಗೊಂದು. ತುದಿ +40ರ ಹತ್ತಿರ, ಇಳಿದ ಮೇಲೆ −75ರ ಹತ್ತಿರ.

ಗೆರೆ ಅಲುಗಾಡಲೇ ಇಲ್ಲ ಅಂದರೆ ಘಟಕ ತಪ್ಪಿದೆ. ವೋಲ್ಟೇಜು ಮಿಲಿವೋಲ್ಟಿನಲ್ಲಿ, ಸಮಯ ಮಿಲಿಸೆಕೆಂಡಿನಲ್ಲಿ, ವಾಹಕತೆ ಮಿಲಿಸೀಮೆನ್ಸ್‌ನಲ್ಲಿ, ಧಾರಕತೆ ಮೈಕ್ರೋಫ್ಯಾರಡ್‌ನಲ್ಲಿ, ಕರೆಂಟು ಮೈಕ್ರೋಆಂಪಿಯರ್‌ನಲ್ಲಿ ಇದ್ದರೆ ಎಲ್ಲವೂ ತಾನಾಗಿ ಹೊಂದಿಕೊಳ್ಳುತ್ತದೆ, ಗುಣಾಕಾರವೇ ಬೇಡ. ಇದರಲ್ಲಿ ಒಂದನ್ನು ಬದಲಾಯಿಸಿದರೆ ಎಲ್ಲವನ್ನೂ ಬದಲಾಯಿಸಬೇಕು. ಪ್ರಯೋಗಾಲಯದ ಅಭ್ಯಾಸದಲ್ಲಿ 10 ನ್ಯಾನೋಆಂಪಿಯರ್ ಅಂತ ಯೋಚಿಸಿ 0.01 ಹಾಕಿದರೆ, ಅಷ್ಟು ಕರೆಂಟು ಒಂದು ಇಡೀ ಚದರ ಸೆಂಟಿಮೀಟರ್ ಪೊರೆಗೆ ಹಂಚಿಹೋಗುತ್ತದೆ. ಕೋಶಕ್ಕೆ ಅದು ತಾಗುವುದೇ ಇಲ್ಲ.

ಕರೆಂಟು ಕೊಟ್ಟ ಹೊತ್ತು ಸಾಲದೆಯೂ ಇರಬಹುದು. 10 ಮೈಕ್ರೋಆಂಪಿಯರನ್ನು ಅರ್ಧ ಮಿಲಿಸೆಕೆಂಡು ಮಾತ್ರ ಕೊಟ್ಟರೆ, 1 ಮೈಕ್ರೋಫ್ಯಾರಡ್ ಪೊರೆ ಹೆಚ್ಚೆಂದರೆ 5 ಮಿಲಿವೋಲ್ಟ್ ಏರುತ್ತದೆ. ಅಷ್ಟು ಸಾಲದು. ಕೋಶ ಏರಿ ಹಾಗೇ ಇಳಿಯುತ್ತದೆ, ಅದು ಸರಿಯೇ. 20 ಮೈಕ್ರೋಆಂಪಿಯರನ್ನು 1 ಮಿಲಿಸೆಕೆಂಡು ಕೊಟ್ಟು ನೋಡಿ. ಆಗಲೂ ಬಾರದಿದ್ದರೆ ಮಾತ್ರ ಮುಂದೆ ಓದಿ.

ಮೂರನೆಯ ಚಿತ್ರ ಹೀಗಿರುತ್ತದೆ. 10 ಮೈಕ್ರೋಆಂಪಿಯರ್ ಕೊಟ್ಟಾಗ ವೋಲ್ಟೇಜು ಒಂದು ಸಣ್ಣ ಗುಡ್ಡದಂತೆ ಉಬ್ಬಿ, ಆಮೇಲೆ ವಿಶ್ರಾಂತಿಗಿಂತ ಬರೀ 4 ಮಿಲಿವೋಲ್ಟ್ ಮೇಲೆ, −61ರ ಸುತ್ತ ನೆಲೆ ನಿಲ್ಲುತ್ತದೆ. ಇದು ‘ಎಂ’ ಸತ್ತಿರುವ ಲಕ್ಷಣ. ‘ಎಂ’ ಗೆರೆ ನೋಡಿದರೆ 0.053ರಲ್ಲೇ ಮಲಗಿರುತ್ತದೆ. ಪೊಟ್ಯಾಸಿಯಂ ಮಾತ್ರ ತೆರೆದು ಏರಿಕೆಯನ್ನು ತುಳಿದುಹಾಕಿದೆ. ‘ಎಂ’ ಹೊಸ ಬೆಲೆ ಲೆಕ್ಕ ಹಾಕಿದ ಮೇಲೆ ಅದನ್ನು ಸರಣಿಯಲ್ಲಿ ಬರೆಯಲು ಮರೆತಿರುತ್ತೀರಿ, ಅಥವಾ ‘ಎಂ’ ಸಾಲಿನಲ್ಲಿ ಆಲ್ಫಾ-ಎನ್ ನಕಲಾಗಿ ಕೂತಿರುತ್ತದೆ. ಎರಡನೆಯದಾದರೆ ‘ಎಂ’ 0.053ರಲ್ಲಿ ಮಲಗಿರುವುದಿಲ್ಲ, ಅದಕ್ಕಿಂತ ಕೆಳಗೆ ಬೀಳುತ್ತದೆ. ಅದೂ ಗುರುತೇ.

ಬರೀ ಸೋಡಿಯಂ ವಾಹಕತೆಯನ್ನು ಸೊನ್ನೆ ಮಾಡಿದರೂ ಇದೇ ಚಿತ್ರ ಬರುತ್ತದೆ. ನಿಜವಾದ ಕೋಶಕ್ಕೆ ಟೆಟ್ರೊಡೊಟಾಕ್ಸಿನ್ ಹಾಕಿದ ಹಾಗೆ. ಬೆಲೂನು ಮೀನಿನ ಆ ವಿಷ ಸೋಡಿಯಂ ಚಾನೆಲಿನ ಬಾಯನ್ನು ಹೊರಗಿನಿಂದ ಮುಚ್ಚುತ್ತದೆ. ಆಗ ವಿಶ್ರಾಂತಿ ವೋಲ್ಟೇಜು ಸುಮಾರು 1 ಮಿಲಿವೋಲ್ಟ್ ಮಾತ್ರ ಇಳಿಯುತ್ತದೆ, ಸ್ಪೈಕ್ ಮಾತ್ರ ಪೂರ್ತಿ ಹೋಗುತ್ತದೆ. ಹಾಗಾಗಿ ನಿಮ್ಮ ಕೋಡ್ ಏನು ಕೊಡುತ್ತಿದೆಯೋ ಅದನ್ನೂ, ಸೋಡಿಯಂ ಸೊನ್ನೆ ಮಾಡಿದಾಗ ಬರುವುದನ್ನೂ ಒಂದರ ಮೇಲೊಂದು ಬಿಡಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಆದರೆ ಸೋಡಿಯಂ ದಾರಿಯೇ ಸತ್ತಿದೆ.

ಕೊನೆಯದು ಉಷ್ಣತೆ. ಈ ಅಂಕಿಗಳೆಲ್ಲ 6.3 ಡಿಗ್ರಿ ಸೆಲ್ಸಿಯಸ್‌ನವು. ಬೇರೆ ಉಷ್ಣತೆಗೆ ಹೋಗಬೇಕಾದರೆ ಆಲ್ಫಾ, ಬೀಟಾಗಳನ್ನು 10 ಡಿಗ್ರಿಗೆ 3 ಪಟ್ಟಿನಂತೆ ಹೆಚ್ಚಿಸುವುದು ವಾಡಿಕೆ. ನಮ್ಮ ದೇಹದ ಕೋಶ ಬೇಕು ಅಂತ 37 ಹಾಕಿದರೆ ಗೇಟುಗಳು ಸುಮಾರು 29 ಪಟ್ಟು ಚುರುಕಾಗುತ್ತವೆ. ಸ್ಪೈಕ್ ಕುಗ್ಗಿ ಬರೀ ಉಬ್ಬಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಗೇಟು ಚುರುಕಾದರೆ ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಆದರೆ ಪೊರೆಯ ಧಾರಕತೆ ಬದಲಾಗಿಲ್ಲ. ಅದು ತುಂಬಲು ಬೇಕಾದ ಹೊತ್ತು ಅಷ್ಟೇ ಇದೆ. ಪೊರೆ ತುಂಬುವ ಮೊದಲೇ ‘ಎಚ್’ ಮುಚ್ಚಿ, ‘ಎನ್’ ತೆರೆದು ಆಟ ಮುಗಿಸಿಬಿಡುತ್ತವೆ. ಇದು ಕೋಡಿನ ತಪ್ಪಲ್ಲ. ಸ್ಕ್ವಿಡ್‌ನ ಚಾನೆಲುಗಳನ್ನು ತಂದು ಬಿಸಿ ರಕ್ತದ ಪ್ರಾಣಿಗೆ ಕೂರಿಸಲು ಹೋದದ್ದು ತಪ್ಪು. ಸಸ್ತನಿಯ ಕೋಶ ಬೇಕಿದ್ದರೆ ಸಸ್ತನಿಯ ಚಾನೆಲುಗಳಲ್ಲಿ ಅಳೆದ ಸೂತ್ರ ಹಾಕಿ. ಅಂದ ಹಾಗೆ, ಆ ಗುಣಕವನ್ನು ಆಲ್ಫಾಗೆ ಮಾತ್ರ ಹಾಕಿ ಬೀಟಾ ಬಿಟ್ಟರೆ ವಿಶ್ರಾಂತಿಯೇ ಅಲುಗುತ್ತದೆ. ಎರಡಕ್ಕೂ ಹಾಕಬೇಕು.

ಏರಿತು, ಇಳಿಯುತ್ತಿಲ್ಲ

ನನಗೆ ಇಷ್ಟದ ದೋಷ ಇದು. ಯಾಕೆಂದರೆ ಗೆರೆ ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದರಿಂದಲೇ ಯಾವ ಗೇಟು ಕೆಟ್ಟಿದೆ ಅಂತ ಹೇಳಬಹುದು. 1 ಮಿಲಿಸೆಕೆಂಡಿನ ಕರೆಂಟು ಕೊಟ್ಟು ನಿಲ್ಲಿಸಿ. ಕರೆಂಟು ನಿಂತ ಮೇಲೆ ಇನ್ನೂ 50 ಮಿಲಿಸೆಕೆಂಡು ಓಡಲು ಬಿಡಿ. ಆಗ ವೋಲ್ಟೇಜು ಎಲ್ಲಿ ನಿಂತಿದೆ ನೋಡಿ.

+25ರ ಹತ್ತಿರ ನಿಂತಿದ್ದರೆ ಸೋಡಿಯಂ ಸೂತ್ರದಲ್ಲಿ ‘ಎಚ್’ ಅನ್ನು ಗುಣಿಸಲು ಮರೆತಿದ್ದೀರಿ. ‘ಎಂ’ ತೆರೆದದ್ದು ತೆರೆದೇ ಇದೆ. ಪೊಟ್ಯಾಸಿಯಂ ಪೂರ್ತಿ ತೆರೆದು ಎಳೆಯುತ್ತಿದ್ದರೂ 120ರ ಎದುರು 36 ಎಷ್ಟು ಎಳೆದೀತು? ಎರಡೂ ಜಗ್ಗಾಡಿ ನಿಂತ ಜಾಗ +25. ಈ ತಪ್ಪಿದ್ದರೆ ವಿಶ್ರಾಂತಿಯ ಲೆಕ್ಕವೂ ಕೆಡುತ್ತದೆ. ಸೋಡಿಯಂ −1.2 ಬದಲು −2 ಬರುತ್ತದೆ.

+13ರ ಹತ್ತಿರ ನಿಂತಿದ್ದರೆ ‘ಎಚ್’ ಸೂತ್ರದಲ್ಲಿದೆ, ಆದರೆ ಬದಲಾಗುತ್ತಿಲ್ಲ. 0.596ರಲ್ಲೇ ಹೆಪ್ಪುಗಟ್ಟಿದೆ. ಇದರಲ್ಲಿ ವಿಶ್ರಾಂತಿಯ ಪರೀಕ್ಷೆ ಪೂರ್ತಿ ಸರಿ ಬರುತ್ತದೆ, ಅದಕ್ಕೇ ಮೋಸ ಹೋಗುವುದು. ಲೂಪಿನೊಳಗೆ ‘ಎಚ್’ ನವೀಕರಿಸುವ ಸಾಲು ಹುಡುಕಿ.

−10ರಿಂದ −15ರ ನಡುವೆ ನಿಂತಿದ್ದರೆ ಹೆಪ್ಪುಗಟ್ಟಿರುವುದು ‘ಎನ್’. ಇಲ್ಲೊಂದು ಸ್ವಾರಸ್ಯವಿದೆ. ‘ಎಚ್’ ತನ್ನ ಕೆಲಸ ಮಾಡಿದೆ, ಸೋಡಿಯಂ ಚಾನೆಲುಗಳಲ್ಲಿ ನೂರಕ್ಕೆ 99 ಪಾಲು ಮುಚ್ಚಿವೆ. ಆದರೂ ವೋಲ್ಟೇಜು ಇಳಿಯುತ್ತಿಲ್ಲ! ಉಳಿದ ಒಂದು ಪಾಲಿಗಿಂತ ಕಡಿಮೆ ತೆರೆದ ಸೋಡಿಯಂ, ಹೆಚ್ಚು ತೆರೆಯದ ಪೊಟ್ಯಾಸಿಯಂ ಮತ್ತು ಸೋರಿಕೆ ಎರಡನ್ನೂ ತಡೆದು ನಿಲ್ಲಿಸಿದೆ. ಸೋಡಿಯಂ ಮುಚ್ಚಿದರೆ ಸಾಕು, ಕೋಶ ತಾನಾಗಿ ಇಳಿಯುತ್ತದೆ ಅಂತ ಓದಿದವರಿಗೆ ಇದು ಒಳ್ಳೆಯ ಪಾಠ. ಈ ಮಾದರಿಯಲ್ಲಿ ಪೊಟ್ಯಾಸಿಯಂ ಹೆಚ್ಚಾಗಿ ತೆರೆಯದೆ ಸ್ಪೈಕ್ ಮುಗಿಯುವುದಿಲ್ಲ.

ಸೊನ್ನೆಯ ಆಸುಪಾಸು ನಿಂತಿದ್ದರೆ, ಅದೂ ಕರೆಂಟು ಕೊಡದೆಯೇ ಏರಿ ನಿಂತಿದ್ದರೆ, ಪೊಟ್ಯಾಸಿಯಂ ಕರೆಂಟನ್ನು ಸಮೀಕರಣದಲ್ಲಿ ಕಳೆಯಲೇ ಇಲ್ಲ. ಲೆಕ್ಕ ಹಾಕಿದ್ದೀರಿ, ಗ್ರಾಫಿನಲ್ಲೂ ಬಿಡಿಸಿದ್ದೀರಿ, ಮೊತ್ತದಲ್ಲಿ ಮಾತ್ರ ಸೇರಿಸಿಲ್ಲ. ಇದು ನಡೆಯುತ್ತಿರುತ್ತದೆ.

ಈ ನಾಲ್ಕರಲ್ಲಿ ಯಾವುದೂ ಅಲ್ಲ, ಗೆರೆ ತುಂಬ ನಿಧಾನವಾಗಿ ಇಳಿಯುತ್ತಿದೆ ಅಂದರೆ ಗೇಟುಗಳ ಸಮಯದ ಘಟಕ ನೋಡಿ. ಆಲ್ಫಾ, ಬೀಟಾ ‘ಪ್ರತಿ ಮಿಲಿಸೆಕೆಂಡಿಗೆ’ ಇರುವ ದರಗಳು. ಗೇಟಿನ ಲೂಪಿಗೆ ಸಮಯವನ್ನು ಸೆಕೆಂಡಿನಲ್ಲಿ ಕೊಟ್ಟರೆ ಅವು ಸಾವಿರ ಪಟ್ಟು ಮಂದವಾಗುತ್ತವೆ.

ನ್ಯಾನ್

ಎರಡು ಕಾರಣ, ಬೇಗ ಹೇಳಿ ಮುಗಿಸುತ್ತೇನೆ. ಒಂದು, ವೋಲ್ಟೇಜು ಸರಿಯಾಗಿ −55 ಆದರೆ ಆಲ್ಫಾ-ಎನ್ ಸೂತ್ರ ಸೊನ್ನೆ ಭಾಗಿಸು ಸೊನ್ನೆ ಆಗುತ್ತದೆ. −40 ಆದರೆ ಆಲ್ಫಾ-ಎಂ ಹಾಗಾಗುತ್ತದೆ. ಸ್ಪೈಕ್ ಓಡುವಾಗ ಅಷ್ಟು ಕರಾರುವಾಕ್ಕಾಗಿ ಆ ಸಂಖ್ಯೆಗೆ ಬೀಳುವುದು ಅಪರೂಪ. ಆದರೆ ಆಲ್ಫಾವನ್ನು 1 ಮಿಲಿವೋಲ್ಟ್ ಹೆಜ್ಜೆಯಲ್ಲಿ ಗ್ರಾಫ್ ಮಾಡಿದರೆ ಖಂಡಿತ ಬೀಳುತ್ತದೆ. ಆ ಬಿಂದುಗಳಲ್ಲಿ ಬೆಲೆಯನ್ನು ನೇರವಾಗಿ ಬರೆದುಬಿಡಿ. −55ರಲ್ಲಿ ಆಲ್ಫಾ-ಎನ್ 0.1, −40ರಲ್ಲಿ ಆಲ್ಫಾ-ಎಂ 1.

ಎರಡು, ಸಮಯದ ಹೆಜ್ಜೆ ದೊಡ್ಡದು. ಸ್ಪೈಕಿನ ತುದಿಯ ಹತ್ತಿರ ಸೋಡಿಯಂ ವಾಹಕತೆ 30 ಮಿಲಿಸೀಮೆನ್ಸ್ ಮಟ್ಟಕ್ಕೆ ಹೋಗುತ್ತದೆ. ಆಗ ಪೊರೆಯ ಕಾಲಮಾನ 1 ÷ 30, ಅಂದರೆ 0.03 ಮಿಲಿಸೆಕೆಂಡು. ಈಗಿನ ವೇಗವನ್ನೇ ಹೆಜ್ಜೆಯಿಂದ ಗುಣಿಸಿ ಮುಂದೆ ಹೋಗುವ ಸರಳ ಆಯ್ಲರ್ ವಿಧಾನದಲ್ಲಿ 0.1ರ ಹೆಜ್ಜೆ ಇಟ್ಟರೆ ಆ ಜಾಗದಲ್ಲಿ ಲೆಕ್ಕ ಹಳಿ ತಪ್ಪುತ್ತದೆ. ಲಕ್ಷಣ ಏನೆಂದರೆ ತುದಿಯಲ್ಲಿ ಗೆರೆ ಮೇಲೆ ಕೆಳಗೆ ಗರಗಸದಂತೆ ಹಲ್ಲು ಬಿಡುವುದು. 0.01 ಇಡಿ. ಅದನ್ನೂ ಅರ್ಧ ಮಾಡಿ ಓಡಿಸಿ, ಎರಡು ಗೆರೆಗಳೂ ಒಂದರ ಮೇಲೊಂದು ಕೂತರೆ ಹೆಜ್ಜೆಯ ಚಿಂತೆ ಬಿಡಿ.

ಗೇಟಿನ ಬೆಲೆ 0 ಮತ್ತು 1ರ ಆಚೆ ಎಂದಾದರೂ ಹೋದರೆ ಅಲ್ಲೇ ನಿಲ್ಲಿಸುವಂತೆ ಕೋಡಿನಲ್ಲಿ ಒಂದು ಸಾಲು ಹಾಕಿ. ಗೇಟು ಅಂದರೆ ತೆರೆದಿರುವ ಪಾಲು. ಅದು 1.2 ಆಗಲು ಸಾಧ್ಯವಿಲ್ಲ. ಕತ್ತರಿಸಿ 1ಕ್ಕೆ ಇಳಿಸುವುದು ಮಾತ್ರ ಬೇಡ, ಅದು ತಪ್ಪನ್ನು ಮುಚ್ಚಿಹಾಕುತ್ತದೆ.

ಇನ್ನೂ ಸಿಗದಿದ್ದರೆ: ವೋಲ್ಟೇಜನ್ನು ಹಿಡಿದಿಡಿ

ಸ್ಪೈಕಿನಲ್ಲಿ ಎಲ್ಲವೂ ಎಲ್ಲವನ್ನೂ ತಳ್ಳುತ್ತಿರುತ್ತದೆ. ವೋಲ್ಟೇಜು ಗೇಟನ್ನು, ಗೇಟು ಕರೆಂಟನ್ನು, ಕರೆಂಟು ಮತ್ತೆ ವೋಲ್ಟೇಜನ್ನು. ಈ ಸುತ್ತನ್ನು ಕತ್ತರಿಸದೆ ತಪ್ಪು ಸಿಗದು. ಹಾಜ್‌ಕಿನ್ ಮತ್ತು ಹಕ್ಸ್ಲಿ ಚಾನೆಲುಗಳನ್ನು ಅರ್ಥ ಮಾಡಿಕೊಂಡದ್ದೂ ವೋಲ್ಟೇಜ್ ಕ್ಲ್ಯಾಂಪ್‌ನಿಂದಲೇ. ಕೋಡಿನಲ್ಲಿ ಅದು ಒಂದು ಸಾಲಿನ ಕೆಲಸ. ವೋಲ್ಟೇಜಿನ ಸಮೀಕರಣವನ್ನು ತೆಗೆದುಹಾಕಿ, ವೋಲ್ಟೇಜು ಎಷ್ಟಿರಬೇಕು ಅಂತ ನೀವೇ ಹೇಳಿ.

−65ರಿಂದ 0ಗೆ ಒಮ್ಮೆಲೇ ಏರಿಸಿ ಹಿಡಿದಿಡಿ. ಮೊದಲು ಒಳಮುಖ ಕರೆಂಟು ಬರಬೇಕು. ಸೋಡಿಯಂ ವಾಹಕತೆ ಸುಮಾರು 0.6 ಮಿಲಿಸೆಕೆಂಡಿನಲ್ಲಿ 29 ಮಿಲಿಸೀಮೆನ್ಸ್ ತಲುಪಿ, ಆಮೇಲೆ ಕುಸಿಯಬೇಕು. ಅಷ್ಟರಲ್ಲಿ ಪೊಟ್ಯಾಸಿಯಂ ಏಳುತ್ತಾ ಬಂದು ಸುಮಾರು 1900 ಮೈಕ್ರೋಆಂಪಿಯರ್ ಹೊರಮುಖದಲ್ಲಿ ನೆಲೆ ನಿಲ್ಲಬೇಕು. ಸೋಡಿಯಂ ಏರಿ ಕುಸಿಯದಿದ್ದರೆ ‘ಎಚ್’. ತಡವಾಗಿ ಏರಿದರೆ ‘ಎಂ’. ಪೊಟ್ಯಾಸಿಯಂ 1900ಕ್ಕೆ ಬಾರದಿದ್ದರೆ ಘಾತ 4 ಹಾಕಿದ್ದೀರಾ ನೋಡಿ.

ಈಗ ಹಿಡಿತವನ್ನು −65 ಬದಲು −40ರಲ್ಲಿ ಇಟ್ಟು, ಗೇಟುಗಳು ಅಲ್ಲಿ ನೆಲೆಗೊಂಡ ಮೇಲೆ 0ಗೆ ಏರಿಸಿ. ಸೋಡಿಯಂ ಕರೆಂಟು ಸುಮಾರು ಹತ್ತನೇ ಒಂದು ಪಾಲಿಗೆ ಬೀಳುತ್ತದೆ. ಸೋಡಿಯಂ ಚಾನೆಲುಗಳು ಎಲ್ಲೂ ಹೋಗಿಲ್ಲ. −40ರಲ್ಲಿ ‘ಎಚ್’ 0.05 ಮಾತ್ರ, ಅಂದರೆ ಹೆಚ್ಚಿನವು ನಿಷ್ಕ್ರಿಯವಾಗಿ ಕೂತಿವೆ. ಮುಚ್ಚಿದ ಚಾನೆಲ್ ಬೇರೆ, ನಿಷ್ಕ್ರಿಯವಾದ ಚಾನೆಲ್ ಬೇರೆ. ಮುಚ್ಚಿದ್ದು ವೋಲ್ಟೇಜು ಏರಿದರೆ ತೆರೆಯುತ್ತದೆ. ನಿಷ್ಕ್ರಿಯವಾದದ್ದು ಎಷ್ಟು ಏರಿಸಿದರೂ ತೆರೆಯದು, ಮೊದಲು ವೋಲ್ಟೇಜು ಕೆಳಗಿಳಿಯಬೇಕು. ನಿಜವಾದ ಸೋಡಿಯಂ ಚಾನೆಲಿನಲ್ಲಿ ಮೂರನೇ ಮತ್ತು ನಾಲ್ಕನೇ ಭಾಗಗಳನ್ನು ಜೋಡಿಸುವ ಕುಣಿಕೆಯೊಂದು ಒಳಗಿನಿಂದ ಬಂದು ದಾರಿ ಮುಚ್ಚುತ್ತದೆ. ಜೀವಂತ ಕೋಶದ ಮೇಲೆ ಪ್ಯಾಚ್ ಕ್ಲ್ಯಾಂಪ್ (ಸಣ್ಣ ಗಾಜಿನ ನಳಿಕೆ ಅಂಟಿಸಿ ಕರೆಂಟು ಅಳೆಯುವ ವಿಧಾನ) ಮಾಡುವವರು ಸೋಡಿಯಂ ಕರೆಂಟು ಕಾಣದಿದ್ದಾಗ ಹಿಡಿತದ ವೋಲ್ಟೇಜನ್ನು ಮೊದಲು ನೋಡಬೇಕಾದ್ದು ಇದಕ್ಕೇ.

ಕೊನೆಗೆ +50ಕ್ಕೆ ಏರಿಸಿ. ಗೇಟು ಪೂರ್ತಿ ತೆರೆದರೂ ಸೋಡಿಯಂ ಕರೆಂಟು ಸೊನ್ನೆ ಇರಬೇಕು, +70ರಲ್ಲಿ ಹೊರಮುಖವಾಗಬೇಕು. ಆಗದಿದ್ದರೆ ಸಮತೋಲ ವೋಲ್ಟೇಜು ತಪ್ಪಿದೆ.

ದೋಷವೆಂದು ಕಂಡರೂ ದೋಷವಲ್ಲದವು

ಒಂದು ಸ್ಪೈಕ್ ಆದ ಕೂಡಲೇ ಇನ್ನೊಂದು ಕರೆಂಟು ಕೊಟ್ಟರೆ ಎರಡನೆಯದು ಬರುವುದಿಲ್ಲ. ‘ಎಚ್’ ಇನ್ನೂ ಮೇಲೆ ಬಂದಿಲ್ಲ, ‘ಎನ್’ ಇನ್ನೂ ಇಳಿದಿಲ್ಲ. ಹೀಗೇ ಇರಬೇಕು.

3 ಅಥವಾ 4 ಮೈಕ್ರೋಆಂಪಿಯರ್ ಬಿಡದೆ ಕೊಟ್ಟರೆ ಶುರುವಿನಲ್ಲಿ ಒಂದು ಸ್ಪೈಕ್ ಬಂದು ಆಮೇಲೆ ಮೌನ. ಸಾಲು ಶುರುವಾಗುವುದು 6 ದಾಟಿದ ಮೇಲೆಯೇ. ಇನ್ನೊಂದು ತುದಿಯಲ್ಲಿ, ಕರೆಂಟು ಏರಿಸುತ್ತಾ ಹೋದಂತೆ ಸ್ಪೈಕುಗಳು ಕುಳ್ಳಾಗುತ್ತವೆ. 160 ಕೊಟ್ಟರೆ ಮೊದಲ ಏರಿಳಿತದ ನಂತರ ಸಾಲು ನಿಂತೇಹೋಗುತ್ತದೆ. ವೋಲ್ಟೇಜು ಎಂದೂ ಸಾಕಷ್ಟು ಕೆಳಗಿಳಿಯದೆ ‘ಎಚ್’ ಚೇತರಿಸಿಕೊಳ್ಳುವುದೇ ಇಲ್ಲ. ಜಾಸ್ತಿ ಕೊಟ್ಟರೆ ಜಾಸ್ತಿ ಬರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯದು.

ತುಂಬ ಜನರನ್ನು ಗಾಬರಿಗೊಳಿಸುವುದು ಇನ್ನೊಂದು. ಋಣ ಕರೆಂಟು ಕೊಟ್ಟು ವೋಲ್ಟೇಜನ್ನು ಕೆಳಗಿಳಿಸಿ, ಕೆಲವು ಹತ್ತು ಮಿಲಿಸೆಕೆಂಡು ಹಾಗೇ ಇಟ್ಟು, ಥಟ್ಟನೆ ಬಿಟ್ಟರೆ ಸ್ಪೈಕ್ ಬರುತ್ತದೆ! ಚಿಹ್ನೆ ತಪ್ಪಿತೇನೋ ಅಂತ ಕೋಡ್ ತಡಕಬೇಡಿ, ಗೇಟಿನ ಗೆರೆ ನೋಡಿ. ಕೆಳಗಿದ್ದಷ್ಟು ಹೊತ್ತು ‘ಎಚ್’ 0.6ರಿಂದ ಮೇಲೆ ಏರಿದೆ, ‘ಎನ್’ 0.3ರಿಂದ ಕೆಳಗೆ ಇಳಿದಿದೆ. ಬಿಟ್ಟ ಕ್ಷಣದಲ್ಲಿ ಸೋಡಿಯಂ ಎಂದಿಗಿಂತ ಹೆಚ್ಚು ಸಿದ್ಧವಾಗಿದೆ, ತಡೆಯಬೇಕಾದ ಪೊಟ್ಯಾಸಿಯಂ ಎಂದಿಗಿಂತ ಕಡಿಮೆ ತೆರೆದಿದೆ. ವೋಲ್ಟೇಜು −65ಕ್ಕೆ ಬಂದು ನಿಲ್ಲದೆ ದಾಟಿ ಹೋಗುತ್ತದೆ. ಸ್ಕ್ವಿಡ್‌ನ ನರದೆಳೆಯೂ ಇದನ್ನೇ ಮಾಡುತ್ತದೆ. ನಿಮ್ಮ ಕೋಡಿನಲ್ಲಿ ಇದು ಬಾರದಿದ್ದರೆ, ಕರೆಂಟಿನ ಅಳತೆ ಮತ್ತು ಹೊತ್ತು ಸಾಕಷ್ಟಿತ್ತಾ ನೋಡಿಕೊಂಡು, ‘ಎಚ್’ ಮತ್ತು ‘ಎನ್’ ಸಾಲುಗಳಿಗೆ ಹಿಂತಿರುಗಿ.